ಟ್ರಂಕ್ ಕಾಲಿನ ನಗು

ತಲ್ಲೂರಿನ ಬಚ್ಚಣ್ಣ ಯಕ್ಷಗಾನದ ಹಾಸ್ಯಗಾರ. ರಕ್ಕಸರಾಜನ ದೂತನಾಗಿ ರಂಗಕ್ಕೆ ಬಂದು ಬೊಂಬಾಯಿಗೆ ಟ್ರಂಕ್ ಕಾಲ್ ಮಾಡಿದನೆಂದರೆ, ಒಂದು ಕಾಲದಲ್ಲಿ ಸಭೆಯೇ ಉರುಳಾಡುತ್ತಿತ್ತು. ಮನೆಗೊಬ್ಬ ಬೊಂಬಾಯಿ ಹೋಟೆಲಿನಲ್ಲಿದ್ದ ಕಾಲ. ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲಿನ ಲೈನು ಸಿಗಲೆಂದು ದಿನವಿಡೀ ಕಾದು, ಸಿಕ್ಕಿದೊಡನೆ ಊರಿಗೆಲ್ಲ ಕೇಳುವಂತೆ ಕೂಗಿದವರೇ ಎದುರಿಗೆ ಕೂತಿರುತ್ತಿದ್ದರು. ಈಗ ಕಿಸೆಕಿಸೆಯಲ್ಲಿ ಫೋನು. ಅದಕ್ಕೇ ಬಚ್ಚಣ್ಣ ಟ್ರಂಕ್ ಕಾಲ್ ಎಂದರೇನೆಂದು ಮೊದಲು ಬಿಡಿಸಿ ಹೇಳಿ, ಆಮೇಲೆ ಕೂಗುತ್ತಿದ್ದ. ಯಾರೂ ನಗುತ್ತಿರಲಿಲ್ಲ.

ಹಾಡಿ ಆಟ ನಡೆಸುವ ಭಾಗವತ ರವಿರಾಜ್ ಮೊನ್ನೆ ಹೇಳಿಯೇಬಿಟ್ಟ: "ಬಚ್ಚಣ್ಣ, ಬೈಂದೂರ್ ಆಟದಗೂ ಜನ ನೆಗಾಡ್ದಿದ್ರೆ ದೂತನ್ ವೇಷ ಸುಜಿತಂಗೆ ಕೊಡ್ಕಾತ್ತ್."

ಸುಜಿತ್ ಮೇಳದ ಹೊಸ ಹಾಸ್ಯಗಾರ. ವಾರಕ್ಕೊಂದು ರೀಲ್ಸಿನ ಮಾತು ತಂದು ನಗಿಸುತ್ತಾನೆ; ಮರುವಾರ ಅದು ಅವನಿಗೇ ಹಳತು.

ಮನೆಯಲ್ಲಿ ಮೊಮ್ಮಗಳು ನವ್ಯಶ್ರೀ ಮೊಬೈಲಿನಲ್ಲಿ ಜಪಾನಿನ ಅನಿಮೆ ಕಾರ್ಟೂನು ನೋಡುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅದರಲ್ಲಿ ಊಟಕ್ಕೆ ಕೂತ ಹುಡುಗನೊಬ್ಬ ತಟ್ಟನೆ ಎದ್ದು, ಕೈ ಚಾಚಿ, ಏನೋ ಘೋಷಿಸುತ್ತಿದ್ದ.

"ಎಂತದಾ ಹೆಣೆ ಅದ್?" ಬಚ್ಚಣ್ಣ ಮೊಮ್ಮಗಳನ್ನು ಕೇಳಿದ.

"ಯಾವ್ದೋ ಹಳೇ ಅನಿಮೆದ್ ನಕಲ್ ಅಂಬ್ರ್, ಅಜ್ಜಯ್ಯ."

"ನೀ ಆ ಹಳೇದ್ ಕಂಡಿದ್ಯಾ?"

"ಇಲ್ಲೆ. ಅದ್ ನಾ ಹುಟ್ಟುಕ್ ಮುಂಚಿದ್."

"ಮತ್ ನೆಗಾಡುದ್ ಎಂತಕೆ?"

"ಅವ್ನ್ ಮೋರೆ ಕಾಣಿ. ಉಂಬುಕ್ ಕೂತವ ಯುದ್ಧಕ್ ಹೊರಟಂಗ್ ಮಾಡ್ತ."

ಬಚ್ಚಣ್ಣ ಆ ಹುಡುಗನ ಮೋರೆಯನ್ನು ಮತ್ತೆ ಮತ್ತೆ ನೋಡಿದ. ಬುಡ ಗೊತ್ತಿಲ್ಲದೆ ನಗು ಎಲ್ಲಿಂದ ಬಂತು?

ಬೈಂದೂರಿನ ಸಂಜೆಯಾಟಕ್ಕೆ ನವ್ಯಶ್ರೀಯೂ ಬಂದಳು. ಬಣ್ಣ ಹಚ್ಚುವಾಗಲೂ ಬಚ್ಚಣ್ಣನಿಗೆ ಒಂದೇ ಗೊಂದಲ: ಬಿಡಿಸಿ ಹೇಳುವುದೋ, ಬಿಡುವುದೋ? ರಂಗದಲ್ಲಿ ಭಾಗವತ, "ಎಲೈ ದೂತ, ಒಡೆಯನಿಗೆ ಸುದ್ದಿ ಮುಟ್ಟಿಸಿದೆಯೋ?" ಎಂದು ಕೇಳಿದಾಗ ಆ ಗೊಂದಲದಲ್ಲಿ ವಿವರಣೆಯೇ ಮರೆತುಹೋಯಿತು. ಕೈಯ ಕೋಲನ್ನು ಕಿವಿಗೆ ಹಿಡಿದು, ಕುತ್ತಿಗೆಯ ನರ ಉಬ್ಬುವಂತೆ ಕೂಗಿದ:

"ಹಲೋ, ಬೊಂಬಾಯಾ? ಒಡೆಯಾ, ಇಲ್ ಯುದ್ಧ ಬಂದಿತ್ತ್, ಬಪ್ಪುಕಾತ್ತಾ? ಎಂತ, ಹೋಟ್ಲಗೆ ರಜೆ ಇಲ್ಯಾ?"

ಮುಂದಿನ ಸಾಲಿನ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಮುದುಕರು ಆ ಮಕ್ಕಳನ್ನು ನೋಡಿ ತಡವಾಗಿ ನಕ್ಕರು.

"ದೂತ ನಿಮ್ದೇ," ಎಂದ ರವಿರಾಜ್, ವೇಷ ಕಳಚುವ ಚೌಕಿಯಲ್ಲಿ. "ನಾಳೆ ಬ್ರಹ್ಮಾವರದಗೂ ಹೀಂಗೇ ಮಾಡಿ."

ಬಚ್ಚಣ್ಣ ತಲೆಯಾಡಿಸಿದ. ಹೀಂಗೇ ಎಂದರೆ ಹೇಗೆ?

ತಲ್ಲೂರಿನ ಬಸ್ಸಿನಲ್ಲಿ, ಎಲ್ಲರಿಗಿಂತ ಹೆಚ್ಚು ನಕ್ಕಿದ್ದ ನವ್ಯಶ್ರೀ ಕೇಳಿದಳು: "ಅಜ್ಜಯ್ಯ, ಅದೆಂತ, ಕೋಲ್ ಹಿಡ್ಕಂಡ್ ಬೊಂಬಾಯಿಗ್ ಕೂಗುದ್?"

ಹೇಳಲೆಂದು ಬಾಯಿ ತೆರೆದ ಬಚ್ಚಣ್ಣ ಹಾಗೇ ಮುಚ್ಚಿದ. ನಾಳೆಯ ಆಟಕ್ಕೆ ಅವಳೂ ಬರುವವಳು; ಬಿಡಿಸಿ ಹೇಳಿದರೆ ಮತ್ತೆ ನಕ್ಕಾಳೆ?

"ನಂಗೂ ಸಮ ಗೊತ್ತಿಲ್ಲೆ ಮಗಾ," ಎಂದ. ಅದರಲ್ಲಿ ಸುಳ್ಳೆಷ್ಟು ನಿಜವೆಷ್ಟು ಎಂಬುದೂ ಅವನಿಗೆ ಗೊತ್ತಾಗಲಿಲ್ಲ.