ಉಂಡ ಮೇಲೆ ಹೇಳುವ ಸುದ್ದಿ

ಮೊನ್ನೆ ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಹೋಗುತ್ತಿದ್ದೆ. ಎದುರಿಗೆ ಕೂತಿದ್ದ ಹೆಂಗಸು ಡಬ್ಬಿಯ ಮುಚ್ಚಳ ತೆಗೆದರು. ಹುರುಳಿಕಾಳು ಸಾರಿನ ವಾಸನೆ ಬೋಗಿಗೆಲ್ಲ ಹರಡಿತು. ಬೇರೆ ದಿನವಾಗಿದ್ದರೆ ನನಗೂ ಹಸಿವಾಗುತ್ತಿತ್ತು. ಅಂದು ಮನಸ್ಸಿಗೆ ಬಂದದ್ದು ಒಂದೇ ಪ್ರಶ್ನೆ: ದೊಡ್ಡಮ್ಮ ಉಂಡಿರಬಹುದೇ?

ಮುಖ್ಯ ಸಂಗತಿ ಮೊದಲ ಸಾಲಿನಲ್ಲೇ ಬರಬೇಕೆಂದು ಪತ್ರಿಕೆಯಲ್ಲಿ ಕಲಿತವನು ನಾನು. ಇಲ್ಲಿ ಆಗಲೇ ತಡಮಾಡಿದ್ದೇನೆ, ಕ್ಷಮಿಸಿ. ಅಂದು ಬೆಳಗ್ಗೆ ಕೋಲಾರದ ಆಸ್ಪತ್ರೆಯಲ್ಲಿ ದೊಡ್ಡಪ್ಪ ತೀರಿಕೊಂಡಿದ್ದರು. ಜೊತೆಯಲ್ಲಿದ್ದ ಅವರ ಮಗ ಸೀನ ನನಗೆ ಫೋನು ಮಾಡಿ, "ನೀನೇ ಓಗಿ ಅಮ್ಮಂಗೆ ಯೋಳಣ್ಣ. ಫೋನ್ನಾಗೆ ಬ್ಯಾಡ" ಎಂದಿದ್ದ.

ನಮ್ಮ ಮನೆಗಳಲ್ಲಿ ಸಾವಿನ ಸುದ್ದಿಯನ್ನು ಯಾರಾದರೂ ಹೋಗಿಯೇ ಹೇಳಬೇಕು. ಅದೂ ಉಂಡವರಿಗೆ ಮಾತ್ರ. ಕೇಳಿದ ಮೇಲೆ ಹೆಣ ಎತ್ತುವವರೆಗೆ ಬಾಯಿಗೆ ಏನೂ ಮುಟ್ಟಿಸುವಂತಿಲ್ಲವಲ್ಲ. ಹಾಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟ ಜಗಲಿಯ ಮೇಲೆ ಕೂತು ಟೊಮೆಟೊ ದರ, ಡೈರಿ ಹಾಲು, ಬೋರ್‌ವೆಲ್ಲು ಎಲ್ಲವನ್ನೂ ಮಾತಾಡುತ್ತಾನೆ. ಒಳಗೆ ಕೈ ತೊಳೆದ ಸದ್ದು ಕೇಳಿದ ಮೇಲೆ ಗಂಟಲು ಸರಿಮಾಡಿಕೊಳ್ಳುತ್ತಾನೆ.

ಇಂಥ ಕೆಲಸಕ್ಕೆ ಹಿಂದೆಯೂ ಒಮ್ಮೆ ಹೋಗಿದ್ದೆ. ದೊಡ್ಡಮ್ಮನ ಅಣ್ಣ, ನನ್ನ ಸೋದರಮಾವ, ನಂದಿದುರ್ಗ ಚಿನ್ನದ ಗಣಿಯ ಲೈನು ಮನೆಯಲ್ಲಿದ್ದವರು, ಹೋಗಿಬಿಟ್ಟಿದ್ದರು. ಬಿಸಿಲಿನ ದಿನಗಳು, ಸಂಜೆಯೊಳಗೆ ಮಣ್ಣು ಮಾಡುವುದೆಂದು ಹಿರಿಯರು ತೀರ್ಮಾನಿಸಿದ್ದರು. ಅಷ್ಟರಲ್ಲಿ ದೊಡ್ಡಮ್ಮ ಬಂದು ಅಣ್ಣನ ಮುಖ ನೋಡಬೇಕಿತ್ತು.

ಊರು ಮುಟ್ಟಿದಾಗ ದೊಡ್ಡಪ್ಪ ಕೊಟ್ಟಿಗೆಯ ಹತ್ತಿರ ಸಿಕ್ಕರು. ವಿಷಯ ಹೇಳಿದೆ. ಅವರು ಹಸುವಿನ ಬೆನ್ನು ಸವರುತ್ತ, "ಬೆಳಗ್ಗಿಂದ ಒಲದಾಗೇ ಅವ್ಳೆ. ಈಗ ಬಂದು ಕುಂತವ್ಳೆ. ಉಣ್ಲಿ, ಆಮ್ಯಾಕೆ ಯೋಳಾನ" ಎಂದರು.

ಒಳಗೆ ದೊಡ್ಡಮ್ಮ, ಪಕ್ಕದಲ್ಲಿ ಸೀನನ ಹೆಂಡತಿ ಮಂಜುಳಾ, ಅವಳ ತೊಡೆಯ ಮೇಲೆ ಹಾಲು ಕುಡಿಯುವ ಕೂಸು. ನನಗೂ ತಟ್ಟೆ ಬಂತು. ಸುದ್ದಿ ಗೊತ್ತಿದ್ದ ನಾನು ಹೇಗೆ ಉಣ್ಣಲಿ? ಉಣ್ಣದಿದ್ದರೆ ಸುದ್ದಿ ಹೇಳಿದಂತೆಯೇ. ಮುದ್ದೆ ಮುರಿದು ತಟ್ಟೆಯಲ್ಲೇ ಆಡಿಸಿದೆ. ದೊಡ್ಡಮ್ಮ, ಅಣ್ಣ ಹೇಗಿದ್ದಾನೆ ಎಂದು ಕೇಳಿದರು. ನೋಡಿಕೊಂಡೇ ಬಂದೆ ಎಂದೆ. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ವರದಿಗಾರನಿಗೆ ಅಷ್ಟು ನಾಜೂಕು ಬರುತ್ತದೆ. ಅವರು ಮತ್ತೇನೂ ಕೇಳಲಿಲ್ಲ. ಇನ್ನರ್ಧ ಮುದ್ದೆ ಹಾಕಿಸಿಕೊಂಡು, ಮಂಜುಳಾಗೂ ಹಾಕಿ, ನಿಧಾನವಾಗಿ ಉಂಡರು.

ಕೈ ತೊಳೆದ ಮೇಲೆ ದೊಡ್ಡಪ್ಪ ಹೇಳಿದರು. ಅಷ್ಟರಲ್ಲಿ ಬಸ್ಸು ಹೋಗಿತ್ತು. ಯಾರದೋ ಆಟೋ ಹಿಡಿದು ನಾವು ಮುಟ್ಟುವಾಗ ಗುಂಡಿಗೆ ಮಣ್ಣು ಎಳೆಯುತ್ತಿದ್ದರು. ದೊಡ್ಡಮ್ಮ ಒಂದು ಹಿಡಿ ಮಣ್ಣು ಹಾಕಿದರು. ಮುಖ ಸಿಗಲಿಲ್ಲ.

ಕೆಲವು ತಿಂಗಳಾದ ಮೇಲೆ ಅವರೇ ನನ್ನೊಡನೆ ಆ ಮಾತು ತೆಗೆದರು. "ನೀನು ಬಂದಾಗ್ಲೇ ನಂಗೆ ಗೊತ್ತಾಯ್ತು ಕಣ್ಲಾ."

"ಮತ್ತೆ ಯಾಕೆ ಉಂಡೆ ದೊಡ್ಡಮ್ಮ?"

"ನಾನು ಎದ್ದಿದ್ರೆ ಮಂಜುಳಾನೂ ಎದ್ಬುಡೋಳು. ಕೂಸಿಗೆ ಆಲು ಬ್ಯಾಡ್ವಾ?"

ಆದರೆ ಮಂಜುಳಾ ಹೇಳುವುದೇ ಬೇರೆ. ಅತ್ತೆ ಅವಳ ಮುಂದೆ ಎಷ್ಟೋ ಸಲ ಅತ್ತಿದ್ದರಂತೆ. ತಿಳಿದಿದ್ದರೆ ಒಂದು ತುತ್ತೂ ಇಳಿಯುತ್ತಿರಲಿಲ್ಲ, ಗಂಡಸರಿಬ್ಬರೂ ಸೇರಿ ಅಣ್ಣನ ಮುಖ ತಪ್ಪಿಸಿದರು ಎನ್ನುತ್ತಿದ್ದರಂತೆ.

ಸುದ್ದಿಯನ್ನು ಇಬ್ಬರಿಂದ ಕೇಳಿ ಖಚಿತಪಡಿಸಿಕೊಳ್ಳುವುದು ನಮ್ಮ ಕಸುಬಿನ ಪದ್ಧತಿ. ಒಬ್ಬರೇ ಎರಡು ಹೇಳಿದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ. ಅವರಿಗೆ ಗೊತ್ತಿತ್ತು ಎಂದಾದರೆ ನಾವು ಏನನ್ನೂ ಮುಚ್ಚಿಡಲಿಲ್ಲ. ನಮ್ಮಿಂದಲೇ ಅವರು ಮುಚ್ಚಿಟ್ಟರು. ಗೊತ್ತಿರಲಿಲ್ಲ ಎಂದಾದರೆ ಅರ್ಧ ಮುದ್ದೆಗಾಗಿ ಅಣ್ಣನ ಮುಖ ಕಳೆದುಕೊಂಡರು. ಅಥವಾ ನನ್ನ ಮನಸ್ಸು ಹಗುರಾಗಲೆಂದು ನನಗೆ ಒಂದು ಹೇಳಿ, ನಿಜವನ್ನು ಸೊಸೆಗೆ ಉಳಿಸಿಟ್ಟರೋ? ದೊಡ್ಡಪ್ಪನಿಗೆ ಏನು ಹೇಳಿದರೋ, ಅದನ್ನು ಕೇಳಲು ಈಗ ದೊಡ್ಡಪ್ಪನೇ ಇಲ್ಲ.

ಬಂಗಾರಪೇಟೆಯಲ್ಲಿ ಇಳಿದು ಆಟೋ ಹಿಡಿಯುವಾಗ ನಿರ್ಧರಿಸಿದೆ: ಈ ಸಲ ಕಾಯುವುದಿಲ್ಲ. ಉಂಡಿರಲಿ, ಬಿಡಲಿ, ಗಂಡನ ಸುದ್ದಿ ಅವರದ್ದು. ಅದನ್ನು ಅಷ್ಟು ಹೊತ್ತು ಇಟ್ಟುಕೊಳ್ಳಲು ನಾನು ಯಾರು?

ದೊಡ್ಡಮ್ಮ ಅಂಗಳದಲ್ಲೇ ಇದ್ದರು. ಎದುರಿಗೆ ಹೋಗಿ, ಕುಶಲ ಕೇಳದೆ, "ದೊಡ್ಡಮ್ಮ, ದೊಡ್ಡಪ್ಪ ಹೋಗ್ಬಿಟ್ರು" ಎಂದೆ.

ಅವರು ಕಂಬ ಹಿಡಿದು ನಿಂತರು. ಕಣ್ಣು ತುಂಬಿದವು, ಸೆರಗು ಬಾಯಿಗೆ ಹೋಯಿತು. ನನ್ನ ನಿರ್ಧಾರ ಸರಿಯಿತ್ತು ಅಂದುಕೊಳ್ಳುವಷ್ಟರಲ್ಲಿ ಅವರ ಕೈ ನನ್ನ ರಟ್ಟೆಯ ಮೇಲೆ ಬಿತ್ತು.

"ಮಂಜುಳಂಗೆ ಯೋಳಿದ್ಯಾ?"

"ಇಲ್ಲ."

"ಯೋಳಬ್ಯಾಡ. ಉಣ್ತಾವ್ಳೆ." ನನ್ನನ್ನು ಹಿಡಿದು ಬಾಗಿಲಿಗೆ ಬೆನ್ನಾಗುವಂತೆ ತಿರುಗಿಸಿದರು. "ಅತ್ಲಾಗೆ ನೋಡ್ಲಾ. ನಿನ್ನ ಮಕ ಕಂಡ್ರೆ ಅವ್ಳಿಗೆ ತಿಳ್ದೋಗ್ತದೆ."

ನಾನು ಅತ್ತ ನೋಡುತ್ತ ನಿಂತೆ.