ಬಂದೂಕಿಗೆ ಹೋದ ಬೆಳ್ಳಿ

ಮಧುಗಿರಿ ಬೆಟ್ಟದ ಬುಡದ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಅಕ್ಕಸಾಲಿ ನಾಗಲಿಂಗಾಚಾರಿ ವಯಸ್ಸಾದ ಮೇಲೆ ಒಂದು ಹಟ ಹಿಡಿದಿದ್ದ. ಯಾರ ಬೆಳ್ಳಿಯೇ ಆಗಲಿ, ಅವರು ಎದುರಿಗೆ ಕೂತು ನೋಡದ ಹೊರತು ಕುಲುಮೆಗೆ ಹಾಕುತ್ತಿರಲಿಲ್ಲ. ಅಕ್ಕಸಾಲಿಯ ಮುಂದೆ ಗಿರಾಕಿ ಕಾವಲು ಕೂರುವುದು ಎಲ್ಲ ಕಡೆ ಇರುವ ಪದ್ಧತಿಯೇ. ಆದರೆ ಇಲ್ಲಿ ಅಕ್ಕಸಾಲಿಯೇ ಗಿರಾಕಿಯನ್ನು ಗದರಿಸಿ ಕೂರಿಸುತ್ತಿದ್ದ. "ನಿಮ್ಮ ಮ್ಯಾಲೆ ನಂಬ್ಕೆ ಐತೆ ಆಚಾರ್ರೇ, ಸಂತೆ ಮುಗಿಸ್ಕಂಡು ಬತ್ತೀನಿ" ಎಂದವರಿಗೆ, "ಅಂಗಾದ್ರೆ ಬೆಳ್ಳೀನೂ ಎತ್ಕಂಡು ಹೋಗಿ" ಎನ್ನುತ್ತಿದ್ದ. ಮುದುಕನಿಗೆ ಅರಳು ಮರಳು ಎಂದರು ಜನ. ಇನ್ನೊಬ್ಬರ ತಲೆ ಕೆಟ್ಟಿದೆ ಎನ್ನಲು ನಮ್ಮೂರಿನವರಿಗೆ ಹೆಚ್ಚು ಹೊತ್ತು ಬೇಕಿಲ್ಲ.

ಆ ಹಟ ಹುಟ್ಟಿದ್ದಕ್ಕೆ ಕಾರಣ ಹಳೆಯದು. ಆಗಿನ್ನೂ ಮಹಾರಾಜರ ಕಾಲ. ನಾಗಲಿಂಗಾಚಾರಿಗೆ ಕಪ್ಪು ಮೀಸೆ, ಕೈಕೆಲಸಕ್ಕೆ ಹೆಸರು, ಆ ಹೆಸರಿಗಿಂತ ಒಂದು ಗುಲಗಂಜಿ ಹೆಚ್ಚೇ ಜಂಬ. ದಸರೆ ಹತ್ತಿರ ಬಂದಾಗ ಪಕ್ಕದ ಹಳ್ಳಿಯ ಓಬಳಯ್ಯ ಅಜ್ಜನ ಕಾಲದ ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದ. ಕೊಳವೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಕಬ್ಬಿಣದ ಗಜದಿಂದ ಜಡಿದು ಹೊಡೆಯುವ ಬಂದೂಕು. ಓಬಳಯ್ಯನದು ಪಾಳೆಯಗಾರರ ಕಾಲದಲ್ಲಿ ಕೋಟೆ ಕಾದ ಮನೆತನ. ಈಗ ಅವನು ಕಾಯುತ್ತಿದ್ದದ್ದು ಹಂದಿ ನುಗ್ಗುವ ಕಡಲೆಕಾಯಿ ಹೊಲ. ಬಂದೂಕಿನ ಮರದ ಹಿಡಿಯಲ್ಲಿ, ಗುರಿ ಹಿಡಿಯುವಾಗ ಕೆನ್ನೆ ತಾಗುವ ಕಡೆ, ಅರಳಿ ಎಲೆಯ ಆಕಾರದ ಹಳ್ಳವಿತ್ತು. ಅಲ್ಲಿದ್ದ ಬೆಳ್ಳಿ ತಗಡನ್ನು ಧಾತು ಸಂವತ್ಸರದ ದೊಡ್ಡ ಬರಗಾಲದಲ್ಲಿ ಅಜ್ಜ ಕಿತ್ತು ರಾಗಿಗೆ ಕೊಟ್ಟಿದ್ದ. ಆಯುಧಪೂಜೆಯ ದಿನ ಹಳ್ಳಿಯ ಬಂದೂಕುಗಳ ಸಾಲಿನಲ್ಲಿ ತನ್ನದೊಂದೇ ಬೋಳಾಗಿ ನಿಲ್ಲುವುದನ್ನು ನೋಡಿ ನೋಡಿ ಓಬಳಯ್ಯನಿಗೆ ಸಾಕಾಗಿತ್ತು.

ಆಚಾರಿ ಮೊದಲು ಸರಿಯಾದ ಮಾತನ್ನೇ ಹೇಳಿದ.

"ಬೆಳ್ಳಿ ಬ್ಯಾಡ ಕಣೋ ಓಬಳಯ್ಯ. ಮದ್ದಿನಾಗೆ ಗಂಧಕ ಇರ್ತದೆ, ಆ ಹೊಗೆ ತಾಗಿದ್ರೆ ಬೆಳ್ಳಿ ಕಪ್ಪಾಯ್ತದೆ. ಹಿತ್ತಾಳೆ ಹಾಕ್ತೀನಿ, ಹುಣಸೇಹಣ್ಣಲ್ಲಿ ತಿಕ್ಕುದ್ರೆ ಚಿನ್ನದಂಗೆ ಹೊಳೀತದೆ. ಹೊಳಪು ಹಂದಿಗೆ ಕಾಣಬಾರ್ದು ಅಂದ್ರೆ ಕಬ್ಬಿಣದ ತಗಡಿಗೆ ತುಕ್ಕು ಹಿಡ್ಸಿ ಎಣ್ಣೆ ಕುಡುಸ್ತೀನಿ. ಹುರಿದ ರಾಗಿ ಬಣ್ಣ ಬತ್ತದೆ."

"ಅಜ್ಜಂದು ಬೆಳ್ಳೀದು ಇತ್ತು ಆಚಾರ್ರೇ. ಬೆಳ್ಳೀನೇ ಆಗ್ಬೇಕು" ಎಂದು ಓಬಳಯ್ಯ ಹೆಂಡತಿ ಕದರಮ್ಮನ ಕಾಲುಕಡಗಗಳನ್ನು ಮುಂದಿಟ್ಟ. "ಅವ್ಳೇ ಬಿಚ್ಚಿಕೊಟ್ಲು."

ತಗಡಿನ ಮೇಲೆ ಗಂಡಭೇರುಂಡ ಉಬ್ಬಿಸಿಕೊಡುವುದೆಂದು ಮಾತಾಯಿತು.

ಅದೇ ವಾರ ಜವಳಿ ಅಂಗಡಿ ಶಂಕರಲಿಂಗಪ್ಪನ ತಾಯಿ ಸಿದ್ದಗಂಗಮ್ಮ ಬಂದರು. ಇಷ್ಟಲಿಂಗವಿಟ್ಟು ಕೊರಳಿಗೆ ಹಾಕಿಕೊಳ್ಳುವ ಅವರ ಬೆಳ್ಳಿ ಕರಡಿಗೆಯ ತಳ ಸವೆದು ತೂತಾಗಿತ್ತು. ಲಿಂಗವನ್ನು ಮಡಿಬಟ್ಟೆಯಲ್ಲಿ ಕಟ್ಟಿಕೊಂಡು, ಖಾಲಿ ಕರಡಿಗೆಯನ್ನು ಅವನ ಕೈಗಿಟ್ಟರು.

"ಇದು ನಮ್ಮತ್ತೆ ಕೊರಳಾಗಿದ್ದುದ್ದು. ಕರಗ್ಸಿ ಹೊಸ್ದಾಗಿ ಮಾಡಪ್ಪ. ಬೆಳ್ಳಿ ಮಾತ್ರ ಇದೇ ಇರ್ಲಿ."

ಅವನು ಕೂರಲು ಮಣೆ ಸರಿಸಿದರೆ ನಕ್ಕುಬಿಟ್ಟರು. "ನಿಮ್ಮಪ್ಪನ ಕಾಲ್ದಿಂದ ಈ ಅಂಗ್ಡೀಲಿ ಕಾವಲು ಕೂತೋಳಲ್ಲ ನಾನು. ಈಗ ಕೂರ್ಲಾ?"

ಕೂತಿದ್ದರೆ ಚೆನ್ನಾಗಿತ್ತು.

ಕದರಮ್ಮನ ಕಡಗದ ಬೆಳ್ಳಿಯಲ್ಲಿ ತಾಮ್ರ ಹೆಚ್ಚಿತ್ತು. ತೆಳುವಾಗಿ ಬಡಿದು ಹಕ್ಕಿಯ ಕತ್ತು ಉಬ್ಬಿಸುವಾಗ ಸೀಳು ಬಿಟ್ಟಿತು. ಮತ್ತೆ ಕರಗಿಸಿ ಬಡಿದ, ಮತ್ತೆ ಸೀಳಿತು. ಪಕ್ಕದಲ್ಲೇ ಸಿದ್ದಗಂಗಮ್ಮನ ಕರಡಿಗೆ ಇತ್ತು. ಉಗುರಿನಿಂದ ಒತ್ತಿ ನೋಡಿದ. ಬೆಣ್ಣೆಯಂಥ ಹಳೆಯ ಬೆಳ್ಳಿ. ಅವನ ಮನಸ್ಸು ತಡೆಯಲಿಲ್ಲ. ಕರಡಿಗೆಯ ಬೆಳ್ಳಿಯನ್ನು ಬಂದೂಕಿಗೆ ಬಡಿದ, ಕಡಗದ ಬೆಳ್ಳಿಯಲ್ಲಿ ಕರಡಿಗೆ ಮಾಡಿದ. ತೂಕದಲ್ಲಿ ಒಂದಿಷ್ಟು ಹೆಚ್ಚೇ ಕೊಟ್ಟಿದ್ದೇನೆ, ಬೆಳ್ಳಿಗೆ ಬೆಳ್ಳಿ ಬಂತು, ಯಾರಿಗೇನು ನಷ್ಟ ಎಂದು ತನಗೆ ತಾನೇ ಹೇಳಿಕೊಂಡ. ಹೊಟ್ಟೆಪಾಡಿಗೆ ಮಾಡಿದ್ದರೆ ಅಯ್ಯೋ ಪಾಪ ಎನ್ನಬಹುದಿತ್ತು. ಈ ಮಹರಾಯ ಮಾಡಿದ್ದು ಹಕ್ಕಿಯ ಕತ್ತಿಗಾಗಿ.

ಆಯುಧಪೂಜೆಯಲ್ಲಿ ಓಬಳಯ್ಯನ ಬಂದೂಕಿನ ಸುತ್ತ ಜನ ಮುತ್ತಿಕೊಂಡರು. ಸಿದ್ದಗಂಗಮ್ಮ ಹೊಸ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, "ನಮ್ಮತ್ತೇನೇ ಕೊರಳಿಗೆ ಬಂದಂಗಾಯ್ತು ಕಣಪ್ಪ" ಎಂದರು. ಕುಲುಮೆಯ ಮುಂದೆ ಕೂತಾಗ ಆಚಾರಿಗೆ ಬೆಳ್ಳಿ ಬರೀ ಬೆಳ್ಳಿಯಾಗಿ ಕಂಡಿತ್ತು. ಈಗ ನೋಡಿದರೆ, ಹೆಂಗಸೊಬ್ಬಳ ಕಾಲಲ್ಲಿದ್ದದ್ದು ಲಿಂಗದ ಮನೆಯಾಗಿತ್ತು. ಲಿಂಗದ ಮನೆಯಾಗಿದ್ದದ್ದು ಹಂದಿ ಹೊಡೆಯಲು ಹೋಗಿತ್ತು.

ಅವನು ಮೊದಲೇ ಹೇಳಿದ್ದಂತೆ ಮದ್ದಿನ ಹೊಗೆಗೆ ಬೆಳ್ಳಿ ಕಪ್ಪಾಗತೊಡಗಿತು. ಓಬಳಯ್ಯ ಬಂದೂಕು ಹೊತ್ತು ಮತ್ತೆ ಮತ್ತೆ ಬರುತ್ತಿದ್ದ. ಹಕ್ಕಿಯ ರೆಕ್ಕೆಯ ಗೆರೆಗಳಲ್ಲಿ ಒಮ್ಮೊಮ್ಮೆ ಹಂದಿಯ ರಕ್ತ ಒಣಗಿರುತ್ತಿತ್ತು. ಆಚಾರಿ ಅಂಟುವಾಳದ ನೀರಿನಲ್ಲಿ ಅದನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ಕೂಲಿ ಕೊಡಲು ಬಂದರೆ ಸಿಡುಕುತ್ತಿದ್ದ. ಎಂಥ ದೊಡ್ಡ ಮನಸ್ಸಿನವರು ಆಚಾರ್ರು ಎಂದು ಓಬಳಯ್ಯ ಊರೆಲ್ಲ ಹೇಳಿಕೊಂಡು ಬಂದ. ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಆಚಾರಿಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಇನ್ನು ಸಿದ್ದಗಂಗಮ್ಮ ಸೋಮವಾರ ಮಲ್ಲೇಶ್ವರನ ಗುಡಿಗೆ ಹೋಗುವಾಗ ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು. ಅವನು ತಲೆ ಎತ್ತದೆ ಬೆಂಕಿ ಊದುತ್ತಿದ್ದ.

ಹೀಗೆಯೇ ವರ್ಷಗಳು ಕಳೆದವು. ಕೊನೆಗೆ ಸಿದ್ದಗಂಗಮ್ಮ ಹಾಸಿಗೆ ಹಿಡಿದರು, ಇನ್ನು ಏಳುವುದಿಲ್ಲ ಎಂಬ ಸುದ್ದಿ ಬಂತು. ಆ ಕಡಗದ ಬೆಳ್ಳಿ ತೊಟ್ಟೇ ಅವರು ಮಣ್ಣಿಗೆ ಹೋದರೆ ತನಗೆ ಉಳಿಗಾಲವಿಲ್ಲ ಎನಿಸಿ ಆಚಾರಿ ಓಬಳಯ್ಯನ ಮನೆಗೆ ಓಡಿದ. ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದ.

ಓಬಳಯ್ಯ ತನ್ನ ಕೆನ್ನೆ ಮುಟ್ಟಿಕೊಂಡ. "ಅಲ್ಲ ಆಚಾರ್ರೇ, ಅದುಕ್ಕೆ ಕೆನ್ನೆ ಕೊಟ್ಟು ಎಷ್ಟು ಹಂದಿ ಹೊಡೆದ್ಬುಟ್ಟೆ! ನನ್ನೂ ಪಾಪಕ್ಕೆ ಎಳುದ್ರಲ್ಲ."

"ನನ್ನ ಕಾಲಿನ ಕಡಗ ಆಯಮ್ಮನ ಕೊರಳಾಗೈತಾ? ಅಯ್ಯೋ ಶಿವನೇ!" ಎಂದ ಕದರಮ್ಮ, ಬರಿಗಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಅವಳದೇನು ತಪ್ಪು? ಆದರೂ ಕಾಲು ಬಚ್ಚಿಟ್ಟುಕೊಂಡದ್ದು ಅವಳೇ. ಆಚಾರಿಗೆ ಅದನ್ನು ನೋಡಲಾಗಲಿಲ್ಲ. ಓಬಳಯ್ಯ ಮೊಳೆ ಕಿತ್ತು, ತಗಡನ್ನು ಕೈಯಲ್ಲಿ ಹಿಡಿಯಲು ಹೆದರಿ, ಆಚಾರಿಯ ಪಂಚೆಯ ಮಡಿಲಿಗೆ ಉದುರಿಸಿದ.

ಸಿದ್ದಗಂಗಮ್ಮನ ಹಾಸಿಗೆಯ ಪಕ್ಕ ಆಗ ಬೇರೆ ಯಾರೂ ಇರಲಿಲ್ಲ. "ನಿಮ್ಮತ್ತೆ ಬೆಳ್ಳಿ ಅಮ್ನೋರೇ" ಎಂದು ತಗಡನ್ನು ಅವರ ಕೈಗಿಟ್ಟ. ಅವರು ಹೆಬ್ಬೆರಳ ಉಗುರಿನಿಂದ ಒತ್ತಿದರು.

"ಹೂಂ. ಇದೇ. ಕೊರಳಾಗಿರೋದು ಬೇರೆ ಅಂತ ನಂಗೆ ಸ್ವಲ್ಪ ದಿನಕ್ಕೇ ಗೊತ್ತಾಯ್ತು. ಅತ್ತೇದು ಮೆತ್ತಗಿತ್ತು."

"ಮತ್ತೆ ಕೇಳ್ಲಿಲ್ಲ ಯಾಕೆ?"

"ಕೇಳಿದ್ರೆ ನೀನು ಸುಳ್ಳು ಹೇಳ್ತಿದ್ದೆ. ಇವತ್ತು ಹೇಳ್ತಾನೇನೋ ಅಂತ ಸೋಮವಾರ ಸೋಮವಾರ ನಿನ್ನ ಅಂಗ್ಡಿ ಮುಂದೆ ನಿಂತ್ಕಂಡೆ. ನೀನು ಬೆಂಕಿ ಊದ್ತಾ ಕೂತಿರ್ತಿದ್ದೆ." ಕೊರಳಿನ ಕರಡಿಗೆ ಮುಟ್ಟಿಕೊಂಡು ಕೇಳಿದರು. "ಇದ್ಯಾರ್ದು ಹಂಗಾದ್ರೆ, ನನ್ನ ಕೊರಳಾಗಿರೋದು?"

ಅವನು ಹೇಳಿದ. ಕಾಲಿನದು ಎಂಬುದನ್ನೂ ಮುಚ್ಚಿಡದೆ ಹೇಳಿದ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಪಾಪ, ಈಗ ಆ ಹೆಣ್ಣುಮಗಳಿಗೆ ಕಡಗಾನೂ ಇಲ್ಲ, ಬಂದೂಕಿಗೆ ಬೆಳ್ಳೀನೂ ಇಲ್ಲ" ಎಂದರು ಸಿದ್ದಗಂಗಮ್ಮ. ತಗಡನ್ನು ಅವನಿಗೇ ವಾಪಸ್ಸು ಕೊಟ್ಟರು. "ಹೊಸ್ದು ಮಾಡೋವರ್ಗೂ ನಾನಿರಲ್ಲ. ಇದು ನಿನ್ನ ಹತ್ರಾನೇ ಇರ್ಲಿ."

ಆ ವಾರವೇ ಅವರು ಲಿಂಗೈಕ್ಯರಾದರು. ಲಿಂಗವನ್ನು ಅಂಗೈಯಲ್ಲಿಟ್ಟು ಸಮಾಧಿ ಮಾಡಿದರು. ಕ್ರಿಯೆಗಳೆಲ್ಲ ಮುಗಿದ ಮೇಲೆ ಶಂಕರಲಿಂಗಪ್ಪ ಖಾಲಿ ಕರಡಿಗೆ ಹಿಡಿದು ಅಂಗಡಿಗೆ ಬಂದ.

"ಅವ್ವ ಹೇಳೋಗವ್ರೆ. ಇದನ್ನ ಕರಗ್ಸಿ ಓಬಳಯ್ಯನ ಹೆಂಡ್ತಿಗೆ ಕೈಗೆ ಬಳೆ ಮಾಡ್ಕೊಡ್ಬೇಕಂತೆ. ಲಿಂಗ ಇದ್ದ ಬೆಳ್ಳೀನ ಕಾಲಿಗೆ ಹಾಕ್ಕಳಾಕೆ ಅವ್ಳು ಹೆದ್ರುತಾಳೆ, ಕೈಗೇ ಮಾಡ್ಸು ಅಂದ್ರು. ಯಾಕೆ ಏನು ಅಂತ ನಂಗೂ ಹೇಳ್ಲಿಲ್ಲ. ಮಾಡಿಡಿ ಆಚಾರ್ರೇ, ಸಂಜೆ ಬತ್ತೀನಿ."

ಅವನು ಮೆಟ್ಟಿಲಿಳಿಯುವಷ್ಟರಲ್ಲಿ ನಾಗಲಿಂಗಾಚಾರಿ ಎದ್ದು ಬಂದು ಕೈ ಹಿಡಿದುಕೊಂಡ. ಇನ್ನೊಂದು ಕೈಯಿಂದ ಮಣೆಯನ್ನು ಕುಲುಮೆಯ ಮುಂದಕ್ಕೆ ಎಳೆದ.

"ಕೂತ್ಕಳಿ. ಕರಗೋವರ್ಗೂ ಕೂತು ನೋಡಿ."

"ನಾನ್ಯಾಕೆ ಕೂರ್ಲಿ? ನಮ್ಮವ್ವ ನಿಮ್ಮನ್ನ ಎಷ್ಟು ನಂಬಿದ್ರು!"

"ಅದುಕ್ಕೇ ಕೂತ್ಕಳಿ ಸ್ವಾಮಿ" ಎಂದ ನಾಗಲಿಂಗಾಚಾರಿ. ಶಂಕರಲಿಂಗಪ್ಪ ಕೂತ ಮೇಲೆಯೇ ಕರಡಿಗೆಯನ್ನು ಕುಲುಮೆಗೆ ಹಾಕಿದ.