ಕುದುರೆಯ ಕಾಲು ಕರಗುವ ಮುಂಚೆ

ವಿಲ್ಮಾ ಫ್ರೀಸನ್ ತಾನು ಬರೆಯದ ಒಂದು ಸಾಲಿಗಾಗಿ ಊರವರಿಂದೆಲ್ಲ ಬೈಸಿಕೊಂಡಳು. ಆ ಸಾಲು ಪುಟಕ್ಕೆ ಹೇಗೆ ಬಂತೆಂದು ಆಗ ಬಲ್ಲವರು ಇಬ್ಬರೇ. ಒಬ್ಬ ಬಾಯಿ ಬಿಡುವವನಲ್ಲ. ಇನ್ನೊಬ್ಬಳು ನಾನು. ಹೇಳಲು ಕೂತರೆ ಈಗಲೂ ಮೈ ಉರಿಯುತ್ತದೆ.

ನನ್ನ ಹೆಸರು ಮರ್ಲಾ. ಓಕನಾಗನ್ ಕಣಿವೆಯ ಹೆರನ್ ಬೆಂಡ್ ಎಂಬ ಊರಿನಲ್ಲಿ ವಾರಪತ್ರಿಕೆಯೊಂದಕ್ಕೆ ಹತ್ತೊಂಬತ್ತು ವರ್ಷ ಪುಟ ಜೋಡಿಸಿದೆ. ಶುಕ್ರವಾರದ ಸಂಚಿಕೆಯಲ್ಲಿ ‘ಈ ವಾರಾಂತ್ಯ’ ಅಂತ ಒಂದು ಪುಟ. ಅದರಲ್ಲಿ ನಾಲ್ಕು ಚೌಕ: ಎಲ್ಲಿ ಉಣ್ಣಬೇಕು, ಯಾವ ವೈನ್ ಕುಡಿಯಬೇಕು, ಯಾರ ಹಾಡು ಕೇಳಬೇಕು, ಕೈತೋಟದಲ್ಲಿ ಏನು ಮಾಡಬೇಕು. ಮೊದಲ ಮೂರು ಶುದ್ಧ ಓಲೈಕೆ. ಹೋಟೆಲಿನವರು ಕರೆದು ಊಟ ಹಾಕಿದರೆ ಆ ಹೋಟೆಲೇ ಸ್ವರ್ಗ. ವೈನಿನ ಚೌಕವನ್ನಂತೂ ವೈನ್ ಮಾಡುವವರೇ ಬರೆದು, ಜೊತೆಗೊಂದು ಬಾಟಲಿ ಇಟ್ಟು ಕಳಿಸುತ್ತಿದ್ದರು. ‘ಮೊದಲ ಗುಟುಕಿಗೆ ಕಾಡುಹಣ್ಣು, ಕೊನೆಗೆ ಹದ ಮಾಡಿದ ಚರ್ಮದ ನೆನಪು.’ ಅಲ್ಲ ಸ್ವಾಮಿ, ಚರ್ಮದ ವಾಸನೆ ಬಂದರೆ ಅದನ್ನು ಚೆಲ್ಲಬೇಕೋ, ದುಡ್ಡು ಕೊಟ್ಟು ಕುಡಿಯಬೇಕೋ?

ನಾಲ್ಕನೆಯ ಚೌಕ ಇಪ್ಪತ್ತೇಳು ವರ್ಷದಿಂದ ವಿಲ್ಮಾಳದು. ಚೆರ್ರಿ ತುಂಬುವ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ನಿಂತು ಹಣ್ಣು ಆರಿಸಿದ ಹೆಂಗಸು, ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಬೀಜದ ಲಕೋಟೆಗಳ ಹಿಂಭಾಗದಲ್ಲಿ ಪೆನ್ಸಿಲಿನಿಂದ ಬರೆದು, ಬುಧವಾರ ತಂದು ನನ್ನ ಮೇಜಿನ ಮೇಲೆ ಹಾಕಿ ಹೋಗುತ್ತಿದ್ದಳು. ಯಾರಿಂದಲೂ ಒಂದು ಖಾಲಿ ಕುಂಡವನ್ನೂ ಪುಕ್ಕಟೆ ಪಡೆದವಳಲ್ಲ. ಒಂದು ಸಲ ‘ಈ ವಾರ ಏನೂ ಕೊಳ್ಳಬೇಡಿ, ಇರುವ ಗುದ್ದಲಿ ಹರಿತ ಮಾಡಿಕೊಂಡು ಕಳೆ ತೆಗೆಯಿರಿ’ ಎಂದು ಬರೆದಳು. ಜಾಹೀರಾತು ವಿಭಾಗದವರು ಹೌಹಾರಿದರು. ಓದುಗರು ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡರು.

ನಮ್ಮ ಟರ್ನರ್ ಬೆಟ್ಟದ ಮೈಮೇಲೆ ವಸಂತದಲ್ಲಿ ಹಿಮ ಕರಗುತ್ತ ಕರಗುತ್ತ ಕೊನೆಗೆ ಒಂದು ಕುದುರೆಯ ಆಕಾರ ಉಳಿಯುತ್ತದೆ. ಅದರ ನಾಲ್ಕೂ ಕಾಲು ಕರಗುವ ತನಕ, ರಾತ್ರಿಯ ಮಂಜಿಗೆ ಹೆದರಿ, ನಮ್ಮೂರಲ್ಲಿ ಯಾರೂ ಟೊಮೆಟೊ ಸಸಿ ಹೊರಗೆ ನೆಡುವುದಿಲ್ಲ. ಆದರೆ ಕಾಲು ಇದೆಯೋ ಹೋಯಿತೋ ಎಂದು ಪ್ರತಿವರ್ಷ ಜಗಳ. ಗಂಡನಿಗೆ ಎರಡು ಕಾಲು ಕಂಡರೆ ಹೆಂಡತಿಗೆ ಒಂದೂ ಕಾಣುವುದಿಲ್ಲ. ಆ ಜಗಳ ಬಿಡಿಸುವವಳು ವಿಲ್ಮಾ. ಅವಳು ‘ನೆಡಿ’ ಎಂದು ಬರೆದ ಶನಿವಾರ ಇಡೀ ಊರು ಮಣ್ಣಿನಲ್ಲಿ ಮಂಡಿಯೂರಿರುತ್ತಿತ್ತು.

ಎರಡು ವರ್ಷದ ಹಿಂದೆ ಪತ್ರಿಕೆ ಕೈಬದಲಾಯಿತು, ಟ್ರೆಂಟ್ ಎಂಬ ಸಂಪಾದಕ ಬಂದ. ಬೆಟ್ಟದ ಮೇಲೆ ಕುದುರೆ ಇದೆ ಅಂದರೆ ಲಾಯ ಎಲ್ಲಿ ಅಂತ ಕೇಳಿದ ಪುಣ್ಯಾತ್ಮ.

ಏಪ್ರಿಲ್ ಕೊನೆಯ ವಾರ ವಿಲ್ಮಾ ಬರೆದದ್ದು ಇಷ್ಟು: ‘ಬಿಸಿಲಿಗೆ ಮರುಳಾಗಬೇಡಿ. ಕುದುರೆಗೆ ಇನ್ನೂ ನಾಲ್ಕು ಕಾಲಿವೆ. ಟೊಮೆಟೊ ಕಿಟಕಿಯಲ್ಲೇ ಇರಲಿ. ಬಟಾಣಿ ಬಿತ್ತಿ.’ ಲಕೋಟೆ ಕೊಟ್ಟು, ತಂಗಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಆಬಟ್ಸ್‌ಫರ್ಡ್ ಬಸ್ಸು ಹತ್ತಿದಳು. ಅದೇ ಪುಟದ ಕೆಳಗರ್ಧ ಒಂದು ಸಸಿ ಅಂಗಡಿಯ ಜಾಹೀರಾತು: ಟೊಮೆಟೊ ಸಸಿ, ಈ ವಾರಾಂತ್ಯ ಮಾತ್ರ, ಎರಡು ಕೊಂಡರೆ ಒಂದು ಉಚಿತ. ಗುರುವಾರ ಮಧ್ಯಾಹ್ನ ಟ್ರೆಂಟ್ ಬಂದು ಕೂತ, ವಿಲ್ಮಾಳ ನಾಲ್ಕೂ ವಾಕ್ಯ ಅಳಿಸಿದ. ಅವಳ ಹೆಸರು, ಅವಳ ಫೋಟೊ ಹಾಗೇ ಇದ್ದವು. ಅದರ ಕೆಳಗೆ, ‘ಎಂಥ ಬಿಸಿಲು! ಇನ್ನೇಕೆ ಕಾಯಬೇಕು? ಈ ಶನಿವಾರವೇ ಟೊಮೆಟೊ ನೆಡಿ.’

“ಇದು ವಿಲ್ಮಾ ಬರೆದದ್ದಲ್ಲ,” ಅಂದೆ.

“ಸ್ವಲ್ಪ ಉತ್ಸಾಹ ತುಂಬಿದೆ ಅಷ್ಟೆ. ವಾರಾಂತ್ಯದ ಪುಟ ಓದಿ ಜನ ಮನೇಲಿ ಕೂತ್ಕೋಬೇಕಾ?”

“ಮಂಜು ಬಿದ್ರೆ ಒಂದು ಸಸೀನೂ ಉಳಿಯಲ್ಲ ರೀ!”

“ಹವಾಮಾನ ನೋಡಿದ್ದೀನಿ. ಹಾಗೇ ಬಿಡಿ ಮರ್ಲಾ, ಐದಕ್ಕೆ ಪುಟ ಹೋಗ್ಬೇಕು.”

ನಾನು ಹಾಗೇ ಬಿಟ್ಟೆ. ವಿಲ್ಮಾಳಿಗೆ ಒಂದು ಫೋನ್ ಮಾಡಲು ನನಗೇನು ಧಾಡಿಯಾಗಿತ್ತು? ಮಾಡಲಿಲ್ಲ.

ಶನಿವಾರ ಊರು ನೆಟ್ಟಿತು. ಭಾನುವಾರ ರಾತ್ರಿ ಮಂಜು ಹೆಪ್ಪುಗಟ್ಟಿತು. ಸೋಮವಾರ ಬೆಳಗ್ಗೆ ಬೀದಿಬೀದಿಯ ಅಂಗಳದಲ್ಲೂ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಬಿದ್ದ ಸಸಿಗಳು.

ಹತ್ತು ಗಂಟೆಗೆ ಔರೇಲಿಯೊ ಬರ್ತೂಚಿ ಕಚೇರಿಗೆ ಬಂದರು. ಎಂಬತ್ತೊಂದು ವರ್ಷ, ಜೀವಮಾನವಿಡೀ ಏಪ್ರಿಕಾಟ್ ಬೆಳೆದ ಮನುಷ್ಯ. ಹೆಂಡತಿ ಪೀನಾ ಹೋದ ಶರತ್ಕಾಲದಲ್ಲಿ ತೀರಿಕೊಂಡಿದ್ದರು. ಅವರ ಮನೆಯದು ಪೀನಾಳ ತಾಯಿ ಇಟಲಿಯಿಂದ ಲಂಗದ ಅಂಚಿನಲ್ಲಿ ಬೀಜ ಹೊಲಿದು ತಂದ ಟೊಮೆಟೊ ತಳಿ, ವರ್ಷವರ್ಷವೂ ಬೀಜ ತೆಗೆದಿಟ್ಟು ಉಳಿಸಿಕೊಂಡದ್ದು. ಹೋದ ವರ್ಷ ಹಾಸಿಗೆ ಹಿಡಿದ ಪೀನಾ ಬೀಜ ತೆಗೆಯಲಿಲ್ಲ. ಹಳೆಯ ಡಬ್ಬಿಯಲ್ಲಿ ಉಳಿದಿದ್ದ ಚಿಟಿಕೆ ಬೀಜವನ್ನೆಲ್ಲ ಹಾಕಿ ಔರೇಲಿಯೊ, ಅಡುಗೆಮನೆಯ ಕಿಟಕಿಯಲ್ಲಿ ಮೂವತ್ತು ಸಸಿ ಎಬ್ಬಿಸಿದ್ದರು. ಅಷ್ಟನ್ನೂ ಶನಿವಾರ ನೆಟ್ಟುಬಿಟ್ಟಿದ್ದರು. ಕಪ್ಪಾದ ಒಂದು ಎಲೆಯನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ನನ್ನ ಮೇಜಿನ ಮೇಲೆ ಬಿಚ್ಚಿದರು. ಅದೇ ಹೊತ್ತಿಗೆ ವಿಲ್ಮಾ ಬಸ್ಸಿಳಿದು ನೇರ ಒಳಗೆ ಬಂದಳು.

“ನನಗೂ ಕುದುರೆ ಕಾಲು ಕಾಣ್ತಾನೇ ಇತ್ತು ವಿಲ್ಮಾ,” ಅಂದರು ಔರೇಲಿಯೊ. “ಆದ್ರೆ ನೀನು ಬರೆದಿದ್ದೀಯಲ್ಲ. ನನ್ನ ಕಣ್ಣಿಗೇ ವಯಸ್ಸಾಯ್ತು ಅಂದ್ಕೊಂಡೆ.”

ವಿಲ್ಮಾ ಪತ್ರಿಕೆ ತೆಗೆದು ಓದಿದಳು. ಎರಡು ಸಲ ಓದಿದಳು. “ಇದನ್ನ ನಾನು ಬರೆದಿಲ್ಲ.”

ಟ್ರೆಂಟ್ ನಕ್ಕ. “ಪ್ರಕೃತಿ ನಮ್ಮ ಕೈಲಿಲ್ಲ ವಿಲ್ಮಾ, ಯಾರೂ ನಿಮ್ಮನ್ನ ದೂರ್ತಾ ಇಲ್ಲ. ಈ ವಯಸ್ಸಲ್ಲಿ ಮರೆವು ಸಹಜ. ನಿಮ್ಮ ಹೆಸರಲ್ಲಿ ಸಣ್ಣದೊಂದು ಕ್ಷಮಾಪಣೆ ಹಾಕಿಬಿಡೋಣ. ಅಲ್ವಾ ಮರ್ಲಾ?”

ಮರೆವಂತೆ! ಇಪ್ಪತ್ತೇಳು ವರ್ಷದ ಮಂಜಿನ ತಾರೀಖುಗಳನ್ನು ಬಾಯಲ್ಲೇ ಹೇಳುವ ಹೆಂಗಸಿಗೆ! ಆ ಲಕೋಟೆ ನನ್ನ ಡ್ರಾಯರಿನಲ್ಲಿತ್ತು, ಕೈಚಾಚಿದರೆ ಸಿಗುತ್ತಿತ್ತು. ವಿಲ್ಮಾ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಕೀಬೋರ್ಡು ಒರೆಸಿದೆ.

“ಎಷ್ಟು ಆಳ ನೆಟ್ಟಿದ್ದೀರಿ ಔರೇಲಿಯೊ?” ಎಂದು ಕೇಳಿದಳು ವಿಲ್ಮಾ, ನನ್ನಿಂದ ಕಣ್ಣು ತೆಗೆದು.

“ಪೀನಾ ನೆಡೋ ಹಾಗೇ. ತುದಿ ಎಲೆ ಮಾತ್ರ ಮೇಲೆ.”

“ಹಾಗಾದ್ರೆ ಕೀಳ್ಬೇಡಿ. ನಡೀರಿ, ನೋಡೋಣ.”

ಆ ವಾರ ಊರು ಅವಳನ್ನು ಹುರಿದು ಮುಕ್ಕಿತು. ಅಂಗಡಿಯಲ್ಲಿ ಅವಳ ಬೆನ್ನ ಹಿಂದೆ, “ಪಾಪ, ತಲೆ ಕೆಟ್ಟಿದೆ ಕಣೇ, ಇನ್ನಾದ್ರೂ ಬರೆಯೋದು ಬಿಡ್ಬಾರದಾ?” ಅಂದರು. ಸತ್ತ ಸಸಿಗಳ ಕುಂಡಗಳನ್ನು ತಂದು ಅವಳ ಗೇಟಿನ ಮುಂದೆ ಸಾಲಾಗಿ ಇಟ್ಟು ಹೋದರು. ಅವಳ ಮಾತು ನಂಬಿ ಇಪ್ಪತ್ತೇಳು ವರ್ಷ ಟೊಮೆಟೊ ತಿಂದ ಬಾಯಿಗಳೇ ಇವು! ಗುರುವಾರ ಬೆಳಗ್ಗೆ ಕೆಲಸಕ್ಕೆ ಬರುವಾಗ ನೋಡಿದೆ, ವಿಲ್ಮಾ ಆ ಕುಂಡಗಳನ್ನು ಒಂದೊಂದಾಗಿ ಎತ್ತಿ, ಮಣ್ಣು ಸುರಿದು, ತೊಳೆದು ಬೋರಲು ಹಾಕುತ್ತಿದ್ದಳು. ನನ್ನನ್ನು ಕಂಡರೂ ಕರೆಯಲಿಲ್ಲ.

ಅಂದು ಮಧ್ಯಾಹ್ನ ಟ್ರೆಂಟ್ ಯಾವುದೋ ದ್ರಾಕ್ಷಿ ತೋಟಕ್ಕೆ ವೈನ್ ರುಚಿ ನೋಡಲು ಹೋಗಿದ್ದ. ಅವನು ಬರೆದಿಟ್ಟಿದ್ದ ಕ್ಷಮಾಪಣೆ ತೆಗೆದು ಹಾಕಿದೆ. ಡ್ರಾಯರಿನ ಲಕೋಟೆಯ ಫೋಟೊವನ್ನು ಪುಟದ ನಡುವೆ ದೊಡ್ಡದಾಗಿ ಕೂರಿಸಿದೆ. ಕೆಳಗೆ ಮೂರು ಸಾಲು: ‘ವಿಲ್ಮಾ ಬರೆದದ್ದು ಇದು. ಬದಲಿಸಿದ್ದು ಸಂಪಾದಕರು. ನೋಡಿಯೂ ಸುಮ್ಮನಿದ್ದದ್ದು ನಾನು, ಮರ್ಲಾ.’ ಐದು ಗಂಟೆಗೆ ಸರಿಯಾಗಿ ಪುಟ ಕಳಿಸಿದೆ. ಶುಕ್ರವಾರ ನನ್ನನ್ನು ಕೆಲಸದಿಂದ ತೆಗೆದರು. ತೆಗೆಯಲಿ.

ದೊಡ್ಡ ಸಾಹಸ ಮಾಡಿದೆ ಅಂದುಕೊಂಡಿದ್ದೆ. ಜನ ದಾರಿಯಲ್ಲಿ ಕೈ ಕುಲುಕಿದರು. ವಿಲ್ಮಾಳಿಂದ ಮಾತ್ರ ಮೂರು ವಾರ ಒಂದು ಫೋನೂ ಇಲ್ಲ.

ಮೇ ತಿಂಗಳ ಮೂರು ದಿನದ ರಜೆ ಬಂತು. ವಿಲ್ಮಾ ಪತ್ರಿಕೆಗೆ ಬರೆಯುವುದು ಬಿಟ್ಟಿದ್ದಳು. ಗೇಟಿಗೆ ಒಂದು ಹಲಗೆ ತೂಗುಹಾಕಿದ್ದಳು: ‘ಕಾಲು ಹೋಯಿತು. ನೆಡಿ.’ ಅದನ್ನು ಓದಲು ಬೀದಿ ತುಂಬ ಕಾರು ನಿಂತಿದ್ದವು. ವಿಲ್ಮಾ ಮನೆಯಲ್ಲಿರಲಿಲ್ಲ. ಅಲ್ಲೇ ಇರಬೇಕೆಂದು ಔರೇಲಿಯೊ ಅವರ ಹಿತ್ತಲಿಗೆ ಹೋದೆ.

ಸಸಿಗಳಿಗೆ ನೆಟ್ಟ ಮೂವತ್ತು ಆಸರೆಕೋಲುಗಳ ಸಾಲು. ನಾಲ್ಕರ ಬುಡದಲ್ಲಿ ಮಾತ್ರ, ಮಣ್ಣಿನೊಳಗೆ ಹೂತಿದ್ದ ಕಾಂಡದಿಂದ, ಬೆರಳುದ್ದದ ಹಸಿರು ಚಿಗುರು. ವಿಲ್ಮಾ ಅವುಗಳ ಮುಂದೆ ಮಂಡಿಯೂರಿದ್ದಳು.

“ಗುರುವಾರಾನೇ ನಿನಗೆ ಗೊತ್ತಿತ್ತು, ಅಲ್ವೇನೇ?” ಅಂದಳು, ತಲೆಯೆತ್ತದೆ.

“ಗೊತ್ತಿತ್ತು.”

“ನನ್ನ ತಂಗಿ ಮನೆ ನಂಬರೂ ಗೊತ್ತಿತ್ತು.”

“ಗೊತ್ತಿತ್ತು ವಿಲ್ಮಾ.”

ಅವಳು ಎದ್ದು ಮಂಡಿಯ ಮಣ್ಣು ಕೊಡವಿದಳು. “ಔರೇಲಿಯೊ ಕೈಲಿ ಆಗ್ತಾ ಇಲ್ಲ. ಉಳಿದ ಇಪ್ಪತ್ತಾರು ನೀನೇ ಕೀಳು.”

ಔರೇಲಿಯೊ ಬೇಲಿಗೆ ಕೈಯಿಟ್ಟು ಬೆಟ್ಟದ ಕಡೆ ತಿರುಗಿ ನಿಂತಿದ್ದರು. ನಾನು ಬಗ್ಗಿ ಒಂದೊಂದಾಗಿ ಕಿತ್ತೆ.